ಕತ್ತೆಯ ಬಾಯಲ್ಲಿ ಗಂಡನ ಹೆಸರು

ಮಮದಾಪುರದ ಹಿಟ್ಟಿನ ಗಿರಣಿ ಶುರುವಾದರೆ ಎದುರು ಮನೆಯ ಕೂಸು ಅತ್ತದ್ದು ಅದರ ತಾಯಿಗೂ ಕೇಳುವುದಿಲ್ಲ. ಆದರೆ ಅದೇ ಗಿರಣಿಯೊಳಗೆ ನಿಂತು ಕಾಶೆವ್ವ ಮಾತಾಡಿದರೆ ಬಸ್ ನಿಲ್ಲುವ ಕಟ್ಟೆಯ ತನಕ ಕೇಳುತ್ತದೆ. ದೇವರು ಕೆಲವರಿಗೆ ರೂಪ ಕೊಡುತ್ತಾನೆ, ಕೆಲವರಿಗೆ ಹೊಲ ಕೊಡುತ್ತಾನೆ. ಕಾಶೆವ್ವನಿಗೆ ಗಂಟಲು ಕೊಟ್ಟ. ಅವಳೂ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದವಳಲ್ಲ. ಗೋದಿ ಬೀಸುವಾಗ ಗೋದಿಯ ದನಿ, ಜೋಳ ಬೀಸುವಾಗ ಜೋಳದ ದನಿ. "ನಾ ಯಾರ ಮನಿ ಹೋಳಿಗಿ ಆಗ್ತೇನೋ ಯವ್ವಾ" ಎಂದು ಗೋದಿ ಮೂಗಿನಲ್ಲಿ ಬಿನ್ನಾಣ ಮಾಡುತ್ತಿತ್ತು. "ನಿಂದೇನವಾ, ನೀ ತುಪ್ಪದಾಗ ಹೊಳ್ಳಾಡ್ತಿ. ನನ್ನ ಬಡದ ಬಡದ ರೊಟ್ಟಿ ಮಾಡ್ತಾರ" ಎಂದು ಜೋಳ ಒಡಕು ದನಿಯಲ್ಲಿ ಗೊಣಗುತ್ತಿತ್ತು. ಹಿಟ್ಟು ಡಬ್ಬಿ ತುಂಬಿ ಆರಿ ತಣ್ಣಗಾದರೂ ಹೆಂಗಸರು ಮನೆಯ ದಾರಿ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಗಂಡಂದಿರು ಹಸಿದು ಕೂತಿರಲಿ ಬಿಡಿ, ಅವರಿಗೂ ತಾಳ್ಮೆ ಬರಬೇಕಲ್ಲ.

ಕಾಶೆವ್ವನ ತವರು ಕೌಜಲಗಿ. ಒಕ್ಕಲುತನದ ಮನೆ, ಬೆಳಗಾದರೆ ಲಿಂಗಪೂಜೆ, ಸಂಜೆಯಾದರೆ ವಚನ. ಆ ಮನೆಯಲ್ಲಿ ಹೆಣ್ಣುಮಗಳು ಜೋರಾಗಿ ನಕ್ಕರೆ ಹಾಲು ಉಕ್ಕಿ ಒಲೆಗೆ ಚೆಲ್ಲಿದಷ್ಟು ದೊಡ್ಡ ತಪ್ಪು. ಕಾಶೆವ್ವ ನಗುವುದಿರಲಿ, ಬಂದ ಬೀಗರ ನಡಿಗೆಯನ್ನು ಅವರು ಹೊಸ್ತಿಲು ದಾಟುವ ಮೊದಲೇ ಪಡಸಾಲೆಯಲ್ಲಿ ನಡೆದು ತೋರಿಸುತ್ತಿದ್ದಳು. "ಸುಮ್ನಿರ" ಎಂಬುದು ಅವಳಿಗೆ ಅವ್ವ ಇಟ್ಟ ಎರಡನೆಯ ಹೆಸರು. ಕೊಟ್ಟ ಮನೆಯಲ್ಲಿ ಹೀಗೆ ಮಾಡಿದರೆ ತಿರುಗಿ ಕಳಿಸುತ್ತಾರೆ ಎಂದು ಅವ್ವ ಹೆದರಿದ್ದಳು. ಯಾರೂ ಕಳಿಸಲಿಲ್ಲ. ಆದರೆ ದೇವರಿಗೂ ಒಂದಿಷ್ಟು ತಮಾಷೆ ಬೇಕು ನೋಡಿ, ಇಂಥವಳನ್ನು ಹಲ್ಲು ಕಾಣುವಂತೆ ನಗದ ಗಂಡಸಿಗೆ ಗಂಟು ಹಾಕಿದ.

ಮಮದಾಪುರದ ಹೊಸ್ತಿಲಲ್ಲಿ ಹೊಸ ಮದುಮಗಳನ್ನು ಅಡ್ಡಗಟ್ಟಿ ಗಂಡನ ಹೆಸರು ಕೇಳಿದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬರಿದೇ ಹೇಳುವಂತಿಲ್ಲ, ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ. ಹೇಳಲೇಬೇಕಾದರೆ ಎರಡು ಸಾಲು ಪ್ರಾಸ ಕಟ್ಟಿ, ಅದರೊಳಗೆ ಹೆಸರು ಬಚ್ಚಿಟ್ಟು ಹೇಳಬೇಕು. ಅದಕ್ಕೆ ಒಡಪು ಎನ್ನುತ್ತಾರೆ. ಪ್ರಾಸದೊಳಗಿದ್ದರೆ ದೋಷವಿಲ್ಲ. ಯಾಕೆಂದು ನನ್ನನ್ನು ಕೇಳಬೇಡಿ, ಯಮನಿಗೆ ಪ್ರಾಸ ತಿಳಿಯುವುದಿಲ್ಲವೇನೋ. ಬೇರೆ ಮದುಮಕ್ಕಳು ತವರಿನಲ್ಲಿ ಉರು ಹೊಡೆದ ಒಡಪನ್ನು ನೆಲ ನೋಡುತ್ತ ಒಪ್ಪಿಸುತ್ತಾರೆ. ಕಾಶೆವ್ವ ತಲೆಯೆತ್ತಿ, ಮದುಮಗನ ಗಂಟಿಕ್ಕಿದ ಹುಬ್ಬನ್ನು ಒಮ್ಮೆ ನೋಡಿ, ಅಲ್ಲೇ ನಿಂತು ಕಟ್ಟಿದಳು:

"ಗಡಗಿ ಮ್ಯಾಲ ಗಡಗಿ ಇಟ್ಟ ಅಡಕಲ ತುಂಬ ಬೆಲ್ಲ,
ದುಂಡಪ್ಪನವರ ಸಿಟ್ಟಿಗೆ ಔಷಧ ಈ ಊರಾಗೇ ಇಲ್ಲ!"

ಹಂದರವೆಲ್ಲ ಬಿದ್ದು ಬಿದ್ದು ನಕ್ಕಿತು. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗದವನು ದುಂಡಪ್ಪ ಒಬ್ಬನೇ.

ಅವನಿಗೂ ಒಂದು ಕಾರಣವಿತ್ತು. ದುಂಡಪ್ಪ ಪ್ರಾಯದಲ್ಲಿ ಊರಿನ ನಾಟಕಗಳಲ್ಲಿ ಕಾಯಂ ರಾಜ. ಎತ್ತರದ ಆಳು, ತುಂಬಿದ ಎದೆ, ಗುಡಿಯ ಗಂಟೆಯಂಥ ದನಿ. ಒಂದು ನಾಟಕದಲ್ಲಿ ರಾಜ್ಯ ಕಳೆದುಕೊಂಡ ರಾಜನಾಗಿ ನಿಜವಾದ ಕಣ್ಣೀರು ಹಾಕಿ ಉದ್ದನೆಯ ಮಾತು ಹೇಳುತ್ತಿದ್ದ. ಅವನ ಬೆನ್ನ ಹಿಂದೆ ಸೇವಕನ ಪಾರ್ಟಿನ ಹಾಸ್ಯಗಾರ ಸುಮ್ಮನೆ ನಿಂತು ತನ್ನ ಮೀಸೆಯಲ್ಲಿ ಸಿಕ್ಕ ಅನ್ನದ ಅಗುಳು ಹುಡುಕಿದ, ಸಿಕ್ಕಿತು, ತಿಂದ. ಅಷ್ಟೇ. ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಶಿಳ್ಳೆ ಹಾಕಿತು. ರಾಜನ ಕಣ್ಣೀರು ಗಲ್ಲದ ಮೇಲೆಯೇ ಒಣಗಿತು. "ನಗಸವ್ರು ಕಳ್ಳರು. ಮಂದಿ ಕಣ್ಣೀರ ಕದೀತಾರ" ಎಂದು ದುಂಡಪ್ಪ ಬಣ್ಣ ಒರೆಸಿದವನು ಮತ್ತೆ ಹಚ್ಚಲಿಲ್ಲ. ನಾಟಕ ಬಿಟ್ಟರೂ ರಾಜ ಅವನನ್ನು ಬಿಡಲಿಲ್ಲ. ಊರು ಅವನನ್ನು ರಾಜಾ ಎಂದೇ ಕರೆಯಿತು, ಅವನ ಹಿಟ್ಟಿನ ಗಿರಣಿಯ ಬೋರ್ಡಿನಲ್ಲೂ ರಾಜಾ ಎಂದೇ ಬರೆಯಿತು. ಹುಡುಗರಿಗೆ ಅವನು ರಾಜಾ ಕಾಕಾ. ದುಂಡಪ್ಪ ಎಂದು ಬಾಯ್ತುಂಬ ಕರೆಯುತ್ತಿದ್ದವಳು ಅವನವ್ವ ಒಬ್ಬಳೇ, ಅವಳು ಹೋಗಿ ಎಷ್ಟೋ ಕಾಲವಾಗಿತ್ತು.

ಹಾಸ್ಯವನ್ನು ಕಂಡರಾಗದವನ ಹಿಂದೆ ಹಾಸ್ಯವೇ ಸೀರೆಯುಟ್ಟು ಬಂದು ಸಂಸಾರ ಮಾಡಿತು. ಮಗ ಸೋಮಶೇಖರ ದೊಡ್ಡವನಾಗಿ ಗೋಕಾಕದಲ್ಲಿ ಅಂಗಡಿ ಹಾಕಿದ. ಗಿರಣಿಯ ಬೆಲ್ಟು ಅದೆಷ್ಟೋ ಸಲ ಬದಲಾಯಿತು. ಗಂಡ ಹೆಂಡತಿ ಬದಲಾಗಲಿಲ್ಲ. ಹೋದ ವರ್ಷ ದುಂಡಪ್ಪನಿಗೆ ಎದೆ ಹಿಡಿದುಕೊಂಡು ಅವನನ್ನು ಗೋಕಾಕದ ದವಾಖಾನೆಗೆ ಸೇರಿಸಬೇಕಾಯಿತು. ಗುಣವಾಗಿ ಮನೆಗೆ ಬಂದ, ಗುಳಿಗೆಯ ಪುಡಿಕೆಯೂ ಬಂತು. ಅಂದಿನಿಂದ ಕಾಶೆವ್ವ ಗಂಡನ ಆಯುಷ್ಯದ ವಿಷಯದಲ್ಲಿ ಜಿಪುಣಿಯಾದಳು. ಎಣ್ಣೆಯನ್ನು ಚಮಚದ ತುದಿಯಲ್ಲಿ ಹಾಕಿದಳು, ಉಪ್ಪಿನಕಾಯಿಯನ್ನು ಅಡಕಲಿನ ತುದಿಗೇರಿಸಿದಳು.

ಇಂಥ ದಿನಗಳಲ್ಲಿ ಗಿರಣಿಗೆ ಆಮ್ರಪಾಲಿ ಬಂದಳು. ಹುಕ್ಕೇರಿಯ ಹುಡುಗಿ, ಮಮದಾಪುರದ ಸತ್ತೆವ್ವನ ತಂಗಿಯ ಮಗಳು. ಕೊಲ್ಹಾಪುರದಲ್ಲಿ ಬರೆದ ಚಿತ್ರಕ್ಕೆ ಜೀವ ಕೊಡುವ ಅನಿಮೇಶನ್ ವಿದ್ಯೆ ಕಲಿತು, ಅಲ್ಲೇ ಕೆಲವು ವರ್ಷ ಸೋಪು, ಬಿಸ್ಕಿಟಿನ ಜಾಹೀರಾತಿಗೆ ಗೊಂಬೆ ಕುಣಿಸಿ ಬೇಸತ್ತು ಊರಿಗೆ ಬಂದವಳು. ಹುಕ್ಕೇರಿಯಲ್ಲಿ ಒಂದು ಅಂಗಡಿಯ ಮೇಲಿನ ಕೋಣೆ ಹಿಡಿದು, ಮೂಡಲಗಿಯ ಓಂಕಾರನೆಂಬ ಗೆಳೆಯನನ್ನು ಜತೆಗಿಟ್ಟುಕೊಂಡು, ಈ ಕಡೆಯ ಮಕ್ಕಳಿಗಾಗಿ ಈ ಕಡೆಯ ಮಾತಿನಲ್ಲೇ ಒಂದು ಗೊಂಬೆ ಪಿಚ್ಚರ್ ಮಾಡುತ್ತಿದ್ದಳು. ದೊಡ್ಡವ್ವನ ಜೋಳ ಬೀಸಿಸಲು ಬಂದವಳು ಜೋಳ ಮತ್ತು ಗೋದಿಯ ಜಗಳ ಕೇಳಿ, ಡಬ್ಬಿ ಮರೆತು ಬಾಗಿಲಲ್ಲೇ ನಿಂತುಬಿಟ್ಟಳು.

"ಕಾಕೂ, ನನ್ನ ಪಿಚ್ಚರದಾಗ ಒಂದ ಕತ್ತಿ ಐತ್ರಿ. ಅದಕ್ಕೊಂದ ದನಿ ಹುಡಕಾಕತ್ತಿದ್ದೆ. ಇವತ್ತ ಸಿಕ್ತ ನೋಡ್ರಿ" ಎಂದಳು.

ಗಿರಣಿಯೊಳಗಿನ ಹೆಂಗಸರು ಡಬ್ಬಿ ಕೆಳಗಿಟ್ಟು ಕಿವಿ ನಿಮಿರಿಸಿದರು. ಗಿರಣಿ ಮಾಲಕನ ಹೆಂಡತಿಗೆ, ಅವಳ ಗಿರಣಿಯಲ್ಲೇ ನಿಂತು, ನಿನ್ನದು ಕತ್ತೆಯ ದನಿ ಎಂದು ಹೇಳುವುದೆಂದರೇನು?

"ಗಂಡ ಕತ್ತಿನೋ, ಹೆಣ್ಣ ಕತ್ತಿನೋ?" ಕಾಶೆವ್ವ ಕೇಳಿದಳು.

"ಹೆಣ್ಣ ಕತ್ತಿರಿ."

"ವಯಸ್ಸ?"

"ನಿಮ್ಮಷ್ಟ ಆಗಿರಬೇಕ್ರಿ. ಹೇರ ಹೊತ್ತ ಹೊತ್ತ ಸಾಕಾಗಿ ಬಿಟ್ಟ ಬಂದೈತಿ. ಬಾಯಿ ಮಾತ್ರ ಭಾಳ."

"ಹಂಗಾರ ಅದು ನಾನ. ಬರ್ತೇನಿ."

ಮೂಲೆಯಲ್ಲಿ ಬೆಲ್ಟು ಬಿಗಿಯುತ್ತಿದ್ದ ದುಂಡಪ್ಪ ತಲೆಯೆತ್ತಿದ. "ಪಿಚ್ಚರದಾಗ ರಾಜಾ ಇಲ್ಲೇನವಾ?"

"ಇಲ್ರಿ ಕಾಕಾ. ಒಂದ ಕರಾ, ಒಂದ ಕತ್ತಿ, ಒಂದ ಹುಂಜ."

"ಮತ್ತ ಅದ್ಯಾತರ ಪಿಚ್ಚರ?" ಎಂದು ಅವನು ಮತ್ತೆ ಬೆಲ್ಟಿನೊಳಗೆ ತಲೆ ತೂರಿಸಿದ. ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಕಾಶೆವ್ವ ಕೇಳುತ್ತಿದ್ದಳೇ ಎಂಬುದು ಬೇರೆ ಮಾತು.

ಕತೆ ಇಷ್ಟು: ಸಂತೆಯಲ್ಲಿ ಮಾರಾಟವಾದ ತಾಯಿಯನ್ನು ಹುಡುಕಿಕೊಂಡು ಒಂದು ಪುಟ್ಟ ಕರು ಹೊಳೆಯ ದಂಡೆ ಹಿಡಿದು ಹೊರಡುತ್ತದೆ. ದಾರಿಯಲ್ಲಿ ಜತೆಯಾಗುವವರು ಈ ಮುದಿ ಕತ್ತೆ ಮತ್ತು ಹೊತ್ತಲ್ಲದ ಹೊತ್ತಿನಲ್ಲಿ ಕೂಗುವ ಒಂದು ಹುಂಜ. ಕರುವಿನ ದನಿ ಹುಕ್ಕೇರಿಯ ಶೀತಲ್ ಎಂಬ ಶಾಲೆಯ ಹುಡುಗಿಯದು, ಹುಂಜ ಓಂಕಾರ. ಕಾಶೆವ್ವ ಗೋಕಾಕಕ್ಕೆ ಬಂದು ಬಸ್ ಬದಲಿಸಿ ಹುಕ್ಕೇರಿ ಮುಟ್ಟಿದಾಗ ಆ ಕೋಣೆಯ ಗೋಡೆಗಳಿಗೆಲ್ಲ ಹಳೆ ಸೀರೆಯ ದಪ್ಪ ಕೌದಿ ಹೊದಿಸಿದ್ದು ಕಂಡಳು. ಹೊರಗಿನ ಗದ್ದಲ ಒಳಗೆ ಬರಬಾರದೆಂದು ಸತ್ತೆವ್ವ ಹೊಲಿದು ಕಳಿಸಿದ ಕೌದಿಗಳು ಅವು. "ಇಷ್ಟ ಕೌದಿ ನೋಡಿದ್ರ ಮಾತಾಡೂದ ಬಿಟ್ಟ ಮಲಗಬೇಕ ಅನಸ್ತೈತಿ" ಎಂದು ಕಾಶೆವ್ವ ಒಳಗೆ ಕಾಲಿಟ್ಟಳು.

ಕಿವಿಗೆ ಹೆಡ್‌ಫೋನು ಏರಿಸಿ, ಮುಂದೆ ಮೈಕು ನಿಲ್ಲಿಸಿ, ಓಂಕಾರ ಮೊದಲ ಮಾತು ಹೇಳಿಕೊಟ್ಟ. "ಕರಾ ದಾರಿ ನೋಡದ ಹೊಂಟೈತ್ರಿ. ನೀವ ಹಿಂದಿಂದ ಒದರಬೇಕು, ದುಂಡಪ್ಪಾ, ಮುಂದ ತಗ್ಗ ಐತಿ, ಅಂತ."

ಗಂಡನ ಹೆಸರು ಕೇಳಿ ಕಾಶೆವ್ವ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಕರು ದುಂಡದುಂಡಗಿತ್ತು, ಹೆಸರೂ ಈ ಕಡೆಯದು, ಆಮ್ರಪಾಲಿ ಇಟ್ಟಿದ್ದಳು. ರಾಜಾ ಕಾಕಾನ ತೊಟ್ಟಿಲ ಹೆಸರು ಅವಳಿಗೆ ಗೊತ್ತಿರಲು ಅವಳೇನು ಅವನ ಸೋದರತ್ತೆಯೇ? ಹೆಸರು ಬದಲಿಸು ಎಂದು ಅವತ್ತೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಗಂಡನ ಹೆಸರು ಯಾವುದೆಂದು ತಿಳಿಸಲಿಕ್ಕೂ ಅದನ್ನು ಹೇಳಬೇಕಲ್ಲ! ಅದಕ್ಕಿಂತ ಹೆಚ್ಚಾಗಿ, ಜೀವಮಾನವೆಲ್ಲ ಸುಮ್ಮನಿರು ಎನ್ನಿಸಿಕೊಂಡವಳಿಗೆ ಮೊದಲ ಸಲ ಯಾರೋ ಜೋರಾಗಿ ಮಾತಾಡ್ರಿ ಎಂದಿದ್ದರು. ಅದನ್ನು ಕಳೆದುಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಕಣ್ಣು ಮುಚ್ಚಿ ಬಾಯಿ ತೆರೆದಳು, ತಾನಾಗಿಯೇ ಬಂತು:

"ಘಟಪ್ರಭಾ ಹೊಳಿಯಾಗ ಮೀನ ಆಡತಾವ ಕೂಡಿ,
ದುಂಡಪ್ಪಾ, ಮುಂದ ತಗ್ಗ ಐತಿ, ಹೆಜ್ಜಿ ಇಡೋ ನೋಡಿ!"

ಆಮ್ರಪಾಲಿ ಕುರ್ಚಿಯಿಂದ ಜಾರಿ ನೆಲಕ್ಕೆ ಕೂತು ನಕ್ಕಳು. ಓಂಕಾರ ನಗು ತಡೆಯಲು ಹೋಗಿ ಹುಂಜದ ದನಿ ಹೊರಡಿಸಿದ. "ಕಾಕೂ, ಕತ್ತಿ ಹಿಂಗ ಮಾತಾಡ್ಬೇಕ ನೋಡ್ರಿ! ಹೆಸರ ಕರದಾಗೊಮ್ಮೆ ಒಡಪ! ಇದು ನಂಗ ಹೊಳದಿದ್ದಿಲ್ಲ" ಎಂದು ಆಮ್ರಪಾಲಿ ಕುಣಿದಾಡಿದಳು. ಕಾಶೆವ್ವನ ಭಯವನ್ನು ಅವಳು ಕಲೆ ಎಂದು ತಿಳಿದಳು. ಕಾಶೆವ್ವನೂ ತಿದ್ದಲಿಲ್ಲ. ಹೊಗಳಿಕೆ ಯಾರಿಗೆ ಕಹಿ?

ತೊಡಕು ಒಂದೇ. ಒಡಪು ಮುಗಿಯುವ ಮೊದಲೇ ಕರು ತಗ್ಗಿಗೆ ಬಿದ್ದು ಆಗಿರುತ್ತಿತ್ತು. ಆಮ್ರಪಾಲಿ ಚಿತ್ರವನ್ನೇ ಬದಲಿಸಿದಳು. ಕತ್ತೆ ಕಣ್ಣು ಮುಚ್ಚಿ ರಾಗವಾಗಿ ಮೊದಲ ಸಾಲು ಎಳೆಯುತ್ತದೆ, ಅಷ್ಟರಲ್ಲಿ ಕರು ದೊಪ್ಪನೆ ಬೀಳುತ್ತದೆ, ಕತ್ತೆ ತಗ್ಗಿನೊಳಗೆ ಇಣುಕಿ ಗಂಭೀರವಾಗಿ ಎರಡನೆಯ ಸಾಲು ಮುಗಿಸುತ್ತದೆ. ಇನ್ನೊಂದು ಕಡೆ ನಾಯಿ ಬೆನ್ನಟ್ಟಿದಾಗ "ಗೋಕಾಕದ ಕರದಂಟ ಕಡದ್ರ ಕಟುಂ ಕಟುಂ ಅಂತೈತಿ, ದುಂಡಪ್ಪಾ, ನಿನ್ನ ಬಾಲದ ಹಿಂದ ನಾಯಿ ಬಂದ ನಿಂತೈತಿ!" ಎಂದು ಕತ್ತೆ ಹೇಳಿ ಮುಗಿಸುವಷ್ಟರಲ್ಲಿ ನಾಯಿ ಕತ್ತೆಯ ಬಾಲವನ್ನೇ ಹಿಡಿದಿರುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಇಂಥ ಪಿಚ್ಚರುಗಳಲ್ಲಿ ಮಕ್ಕಳು ಹೋಗುವುದು ಕರುವಿನ ಕತೆಗೆ, ಮನೆಗೆ ತರುವುದು ಕತ್ತೆಯನ್ನು. ಕರುವಿಗೆ ತಾಯಿಯ ಚಿಂತೆ, ಕತೆಯ ಭಾರವೆಲ್ಲ ಅದರ ಹೆಗಲ ಮೇಲೆ, ಪಾಪ ಅದು ಒಳ್ಳೆಯದಾಗಿಯೇ ಇರಬೇಕು. ಕತ್ತೆಗೆ ಆ ಕಟ್ಟಿಲ್ಲ. ಅದಕ್ಕೆ ಊಟದ ಚಿಂತೆ, ಕಾಲುನೋವಿನ ಚಿಂತೆ, ಹುಂಜದ ಮೇಲೆ ಹೊಟ್ಟೆಕಿಚ್ಚು. ನಮ್ಮೆಲ್ಲರ ಮನೆಯ ಚಿಂತೆ ಕರುವಿನದಕ್ಕಿಂತ ಕತ್ತೆಯದನ್ನೇ ಹೆಚ್ಚು ಹೋಲುತ್ತದೆ. ದೊಡ್ಡ ಕೆಲಸಕ್ಕೆ ಹೊರಟವರ ಜತೆ ಬುತ್ತಿ ಹೊತ್ತು, ಗೊಣಗುತ್ತ, ಬಿಟ್ಟುಹೋಗದೆ ನಡೆಯುವ ಒಬ್ಬರು ಇಲ್ಲದಿದ್ದರೆ ಯಾವ ನಾಯಕನೂ ಊರ ಅಗಸಿ ಬಾಗಿಲು ದಾಟುವುದಿಲ್ಲ. ದುಂಡಪ್ಪನಿಗೆ ಇದು ಹೊಳೆಯಬೇಕಾಗಿತ್ತು. ಆದರೆ ರಾಜರು ಹಿಂದೆ ತಿರುಗಿ ನೋಡುವುದು ಕಡಿಮೆ.

ಆಮ್ರಪಾಲಿ ತಗ್ಗಿನ ದೃಶ್ಯವನ್ನು ಮೊಬೈಲಿಗೆ ಬಿಟ್ಟಳು. ಅದು ಹುಕ್ಕೇರಿಯಲ್ಲಿ ಹೊರಟು ಗೋಕಾಕ ಸುತ್ತಿ ಮಮದಾಪುರಕ್ಕೆ ಬಂತು. ಶಾಲೆ ಬಿಟ್ಟ ಮಕ್ಕಳು ಗಿರಣಿಯ ಮುಂದೆ ಒಬ್ಬರನ್ನೊಬ್ಬರು ದೂಡಿ, "ದುಂಡಪ್ಪಾ, ಮುಂದ ತಗ್ಗ ಐತಿ" ಎಂದು ಕೂಗಿ ಬಿದ್ದು ಹೊರಳಾಡಿದರು. ಗಿರಣಿಯೊಳಗಿದ್ದ ದುಂಡಪ್ಪ ಬೆಚ್ಚಿ ಕಾಲ ಕೆಳಗೆ ನೋಡಿಕೊಂಡ. ತಗ್ಗು ಇರಲಿಲ್ಲ. ಆಮೇಲೆ ಸತ್ತೆವ್ವನ ಮೊಬೈಲಿನಲ್ಲಿ, ಕತ್ತೆಯ ಬಾಯಿಂದ, ತನ್ನ ಹೆಂಡತಿಯ ದನಿಯಲ್ಲಿ ತನ್ನ ಹೆಸರನ್ನು ಕೇಳಿದ.

"ಕತ್ತಿ ಬಾಯಾಗ ನನ್ನ ಹೆಸರಾ?" ಎಂದು ಮನೆಯ ತೊಲೆ ನಡುಗುವಂತೆ ಗುಡುಗಿದ.

"ನಿಮ್ಮ ಹೆಸರಲ್ರಿ, ಕರದ ಹೆಸರ. ಆ ಹುಡಿಗಿಗೆ ಏನ್ ಗೊತ್ತ?"

"ಅಂದ್ರ ನಾ ಕರಾ, ನೀ ಕತ್ತಿ! ಊರ ಮಂದಿ ಬಿದ್ದ ಬಿದ್ದ ನಗಾಕತ್ತೈತಿ!"

"ಕತ್ತಿ ಆದಾಕಿ ನಾ. ನಂಗಿಲ್ಲದ ಸಿಟ್ಟ ನಿಮಗ್ಯಾಕ್ರಿ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರು ಉಂಡರು, ಮಲಗಿದರು, ಎದ್ದರು. ಜಗಳ ಇವರಿಗಿಂತ ಮೊದಲೇ ಎದ್ದು ಕೂತಿತ್ತು. ದುಂಡಪ್ಪ ಹೆಂಡತಿಯ ಜತೆ ಮಾತು ಬಿಟ್ಟ. ಹೇಳಬೇಕಾದ್ದನ್ನು ಗಿರಣಿಯ ಬೆಲ್ಟಿಗೆ ಹೇಳಿದ. "ಚಹಾ ಆಗೈತೋ ಇಲ್ಲೋ ಯಾರಿಗ್ಗೊತ್ತ" ಎಂದು ಬೆಲ್ಟಿಗೆ ಕೇಳುತ್ತಿದ್ದ. ಕಾಶೆವ್ವ ಚಹಾದ ಕಪ್ಪನ್ನು ಬೆಲ್ಟಿನ ಮುಂದೆ ಇಟ್ಟು ಹೋಗುತ್ತಿದ್ದಳು.

ಇದರ ನಡುವೆಯೇ ಆಮ್ರಪಾಲಿಯ ಫೋನು ಬಂತು. ಪಿಚ್ಚರ್ ಮುಗಿದಿತ್ತು, ಉಳಿದದ್ದು ಒಂದೇ ಒಂದು ಕೂಗು. ಕಾಶೆವ್ವ ಹುಕ್ಕೇರಿಗೆ ಹೋದಳು. ಕರು ತುಂಬಿದ ಹೊಳೆಗೆ ಬಿದ್ದು ತೇಲಿಹೋಗುತ್ತದೆ, ಕತ್ತೆ ದಂಡೆಗುಂಟ ಓಡುತ್ತ ಹೆಸರು ಹಿಡಿದು ಕೂಗಬೇಕು. ಆ ಕೂಗಿನಿಂದ ಕರುವಿಗೆ ದಂಡೆ ಯಾವ ಕಡೆ ಎಂದು ತಿಳಿದು ಅದು ಈಜಿ ಬರಬೇಕು.

"ಕಾಕೂ, ಇಲ್ಲೊಂದ ಒಡಪ ಬ್ಯಾಡ್ರಿ. ಬರೇ ಹೆಸರ" ಎಂದಳು ಆಮ್ರಪಾಲಿ. ನಿಜವೇ. ಇಲ್ಲಿ ಪ್ರಾಸ ಕಟ್ಟಲು ಕೂತರೆ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕರು ಗೋಕಾಕ ಫಾಲ್ಸ್ ಇಳಿದಿರುತ್ತದೆ.

ಕಾಶೆವ್ವ ಮೈಕಿನ ಮುಂದೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು, ಗಾಳಿ ಬಂತು, ಹೆಸರು ಬರಲಿಲ್ಲ. ಕೊನೆಗೆ ಹೆಡ್‌ಫೋನು ತೆಗೆದು ಕೌದಿಯ ಗೋಡೆಗೆ ಒರಗಿ ಕುಸಿದಳು. "ಯವ್ವಾ, ಅದು ನಮ್ಮನಿಯವರ ಹೆಸರ" ಎಂದಳು. "ಪ್ರಾಸದಾಗ ಆದ್ರ ನಡೀತೈತಿ. ಬರೇ ಕರೀಬಾರ್ದು. ಹೋದ ವರ್ಷ ಅವರ ಎದಿ ನಿಂತ ಹೊಂಟಿತ್ತ. ದೇವ್ರ ತಿರಗಿ ಕೊಟ್ಟಾನ. ಇನ್ನ ನಾ ಅದನ್ನ ಕತ್ತರಸ್ಲೇನ?"

ಆಮ್ರಪಾಲಿ ಹಣೆ ಹಿಡಿದು ಕೂತಳು. ಕರುವಿನ ಹೆಸರು ಬದಲಿಸುವ ಹಾಗಿರಲಿಲ್ಲ. ಹಾಡಿನಲ್ಲಿ, ಎಲ್ಲರ ಮಾತಿನಲ್ಲಿ ಅದೇ ಇತ್ತು, ಎಲ್ಲರ ದನಿ ತುಂಬಿ ಮುಗಿದಿತ್ತು, ಹುಕ್ಕೇರಿಯ ಮಕ್ಕಳಿಗೆ ತೋರಿಸುವ ದಿನವೂ ಗೊತ್ತಾಗಿತ್ತು. ಓಂಕಾರ ಹೆಣ್ಣುದನಿ ಮಾಡಿ ತಾನೇ ಕೂಗಿ ನೋಡಿದ. ಅದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಕೇಳಿಸಿತು.

"ಇರ್ಲಿ ಬಿಡ್ರಿ ಕಾಕೂ, ಅಲ್ಲಿ ಕತ್ತಿ ಬರೇ ಒದರಲಿ" ಎಂದಳು ಆಮ್ರಪಾಲಿ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ಇಡೀ ಪಿಚ್ಚರದಾಗ ನಗಸಿದಾಕಿ ನಗಸೂದ ಮರತ ಕೂಗಿದ್ರ ಮಕ್ಕಳಿಗೆ ಕರಾ ಖರೇನ ಮುಳಗಾಕತ್ತೈತಿ ಅನಸ್ತಿತ್ತು. ಅದಕ್ಕ ಹಂಗ ಇಟ್ಟಿದ್ದೆ" ಎಂದಳು.

ಕಾಶೆವ್ವ ಆ ಮಾತನ್ನು ಹೊತ್ತುಕೊಂಡೇ ಊರಿಗೆ ಬಂದಳು. ಆಮೇಲೆ ಗಿರಣಿಯಲ್ಲಿ ಗೋದಿ ಮಾತಾಡಲಿಲ್ಲ, ಜೋಳ ಗೊಣಗಲಿಲ್ಲ. ಹೆಂಗಸರು ಹಿಟ್ಟು ಹಾಕಿಸಿಕೊಂಡು ಬಿಸಿ ಬಿಸಿಯೇ ಮನೆಗೆ ಒಯ್ದರು. ಸುಮ್ಮನಿರು ಎಂದು ಯಾರೂ ಹೇಳದೆಯೇ ಕಾಶೆವ್ವ ಸುಮ್ಮನಿದ್ದದ್ದು ಅದೇ ಮೊದಲು. ಮಾತು ಬಿಟ್ಟವನು ತಾನು, ಬಾಯಿ ಮುಚ್ಚಿದವಳು ಅವಳು. ಇದು ಯಾವ ನ್ಯಾಯ ಎಂದು ದುಂಡಪ್ಪ ಬೆಲ್ಟಿಗೆ ಕೇಳಿದ. ಬೆಲ್ಟು ಹೇಳಲಿಲ್ಲ. ಕೊನೆಗೆ ಸೋತು, ಊಟಕ್ಕೆ ಕೂತಾಗ ಹೆಂಡತಿಯನ್ನೇ ಕೇಳಿದ. "ಏನಾಗೇತಿ ನಿಂಗ? ಕತ್ತಿ ಕೆಲಸ ಬಿಡಿಸಿದ್ರೇನ?"

ಕಾಶೆವ್ವ ಎಲ್ಲ ಹೇಳಿದಳು. ಹೊಳೆ, ಕರು, ಕೂಗು, ಬಾಯಿಗೆ ಬರದ ಹೆಸರು. ದುಂಡಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ. ಎದ್ದು ಕೈ ತೊಳೆದ. ಮರುದಿನ ಬೆಳಿಗ್ಗೆ ಗಿರಣಿಗೆ ಬೀಗ ಹಾಕಿ, ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿ ಹೊರಗೆ ಬಂದ. "ನಡಿ ಹುಕ್ಕೇರಿಗೆ" ಎಂದ. ಜಗಳಕ್ಕೆ ಹೊರಟನೆಂದೇ ಕಾಶೆವ್ವ ತಿಳಿದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಸವಣ್ಣನನ್ನು ನೆನೆದಳು.

ರಾಜಾ ಕಾಕಾ ಕೌದಿಗಳ ಕೋಣೆಯನ್ನು ಒಮ್ಮೆ ಸುತ್ತಲೂ ನೋಡಿ, ಕುರ್ಚಿ ಎಳೆದುಕೊಂಡು ಕೂತು, "ತೋರ್ಸವಾ ಆ ಹೊಳಿ" ಎಂದ. ಆಮ್ರಪಾಲಿ ಹೆದರುತ್ತಲೇ ತೋರಿಸಿದಳು. ಪರದೆಯ ಮೇಲೆ ಕೆಂಪು ನೀರು ಉಕ್ಕುತ್ತಿತ್ತು, ಕರುವಿನ ತಲೆ ಮುಳುಗುತ್ತ ಏಳುತ್ತ ಸಾಗುತ್ತಿತ್ತು. ದಂಡೆಯ ಮೇಲೆ ಮುದಿ ಕತ್ತೆ ಎಡವುತ್ತ ಓಡುತ್ತಿತ್ತು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ದನಿಯಿರಲಿಲ್ಲ.

ದುಂಡಪ್ಪ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ.

"ದವಾಖಾನ್ಯಾಗ ನೀ ಹಿಂಗ ಮಾಡಾಕತ್ತಿದ್ದಿ" ಎಂದ, ಹೆಂಡತಿಯ ಕಡೆ ತಿರುಗದೆಯೇ. "ನಂಗ ಕಣ್ಣ ಮುಚ್ಚಿ ಬರಾಕತ್ತಿದ್ದು. ನೀ ಬಾಯಿ ತಗದಿ, ಮುಚ್ಚಿದಿ. ಆಮ್ಯಾಲ ರೀ, ರೀ, ಅಂದ ಒದರಿದಿ. ಬಾಜೂ ಕಾಟಿನ ಮ್ಯಾಲಿದ್ದಾಂವ ಓ ಅಂದ. ನಾ ಅಂದ್ಕೊಂಡೆ, ಅವನ್ನ ಕರದಿರಬೇಕು ಅಂತ."

ಓಂಕಾರನಿಗೆ ನಗು ಬಂತು. ದುಂಡಪ್ಪನ ಮುಖ ನೋಡಿ ನುಂಗಿಕೊಂಡ.

"ಊರಿಗೆಲ್ಲಾ ನಾ ರಾಜಾ. ಅವ್ವ ಹೋದ ಮ್ಯಾಲ ನನ್ನ ಹೆಸರ ಯಾರೂ ಕರದಿಲ್ಲ ಕಾಶಿ. ನಂಗೂ ಒಂದ ಹೆಸರ ಐತಿ ಅನ್ನೂದ ನಂಗ ಮರ್ತಿತ್ತ. ಆಯುಷ್ಯ ಉಳಸ್ತೀನಿ ಅಂತಿ, ಉಳಸು. ಆದ್ರ ಕರ್ಯಾವ್ರ ಇಲ್ಲದ ಆಯುಷ್ಯ ತಗೊಂಡ ನಾ ಏನ್ ಮಾಡ್ಲಿ? ಕರಿ."

"ಏನಾರ ಆದ್ರ?" ಕಾಶೆವ್ವನ ಕಣ್ಣು ತುಂಬಿತ್ತು.

"ಆದ್ರ ಕಿಸೆದಾಗ ಗುಳಿಗಿ ಐತಿ. ಕರಿ ಅಂದೆ."

ಕೂಗು ಮುಗಿಯುವ ತನಕ ಯಾರೂ ಸದ್ದು ಮಾಡಬಾರದು ಎಂದು ಓಂಕಾರ ಎಚ್ಚರಿಸಿದ. ದುಂಡಪ್ಪ ತನ್ನ ಮೇಲೆ ತನಗೇ ಭರವಸೆ ಇಲ್ಲದವನಂತೆ ಹೆಗಲ ಮೇಲಿನ ಟವೆಲಿನ ತುದಿಯನ್ನು ಬಾಯಿಗೆ ತುರುಕಿಕೊಂಡ. ಕಾಶೆವ್ವ ಮೈಕಿನ ಮುಂದೆ ನಿಂತಳು. ರೂಢಿ ಸುಮ್ಮನೆ ಬಿಡುತ್ತದೆಯೇ, ಮೊದಲು ಬಂದದ್ದು ಪ್ರಾಸವೇ. "ಘಟಪ್ರಭಾ ಹೊಳಿಯಾಗ..." ಎಂದು ಎಳೆದಳು. ಅಷ್ಟರಲ್ಲಿ ಪರದೆಯ ಮೇಲೆ ಕರುವಿನ ತಲೆ ನೀರೊಳಗೆ ಹೋಯಿತು, ಮೇಲೆ ಬರಲಿಲ್ಲ. ಕಾಶೆವ್ವನಿಗೆ ಕಂಡದ್ದು ಕರುವಲ್ಲ, ದವಾಖಾನೆಯ ಕಾಟು. ಮೀನು ಮರೆತುಹೋಯಿತು, ಪ್ರಾಸ ಮರೆತುಹೋಯಿತು, ಯಮನೂ ಮರೆತುಹೋದ.

"ದುಂಡಪ್ಪಾ!"

ಆ ಕೂಗಿಗೆ ಗೋಡೆಯ ಕೌದಿಗಳು ಸಾಲಲಿಲ್ಲ. ಕೆಳಗಿನ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ. ಆಮ್ರಪಾಲಿ ಕಣ್ಣೊರೆಸಿಕೊಂಡು ಹೆಬ್ಬೆರಳು ಎತ್ತಿ ತೋರಿಸಿದಳು. ದುಂಡಪ್ಪನ ಗಂಟಲ ತನಕ ಬಂದ ಉತ್ತರ ಟವೆಲಿಗೆ ತಾಗಿ ತಿರುಗಿ ಎದೆಯೊಳಗೆ ಹೋಯಿತು. ಕಾಶೆವ್ವ ಹೆಡ್‌ಫೋನು ಕಿತ್ತು ಓಡಿಬಂದು ಗಂಡನ ನಾಡಿ ಹಿಡಿದು ನೋಡಿದಳು. ನಾಡಿ ಚೆನ್ನಾಗಿಯೇ ಇತ್ತು.

ಪಿಚ್ಚರ್ ತೋರಿಸಿದ್ದು ಹುಕ್ಕೇರಿಯ ಒಂದು ದೊಡ್ಡ ಹಾಲ್‌ನಲ್ಲಿ. ಸುತ್ತಲಿನ ಹಳ್ಳಿಗಳಿಂದ ಮಕ್ಕಳು ಬಸ್ಸು ತುಂಬಿಕೊಂಡು ಬಂದಿದ್ದರು. ಕರು ಅತ್ತರೆ ಸುಮ್ಮನಿದ್ದರು, ಕತ್ತೆ ಕೆಮ್ಮಿದರೂ ನಕ್ಕರು. ತಗ್ಗಿನ ಒಡಪನ್ನು ಕತ್ತೆಗಿಂತ ಮೊದಲೇ ತಾವೇ ಕೂಗಿದರು. ಕಾಶೆವ್ವ ಕೊನೆಯ ಸಾಲಿನಲ್ಲಿ ಸೆರಗು ಬಿಗಿ ಹಿಡಿದು ಕೂತಿದ್ದಳು, ಪಕ್ಕದಲ್ಲಿ ಪಟಗಾ ಸುತ್ತಿದ ಗಂಡ. ಒಂದೆರಡು ಸಲ ಅವನ ಹೊಟ್ಟೆ ಕುಲುಕಿದ್ದನ್ನು ಅವಳು ಕತ್ತಲಲ್ಲಿ ಕಂಡಳು, ಕಾಣದಂತೆ ಕೂತಳು.

ಹೊಳೆ ಬಂತು. ಕತ್ತೆ ರಾಗ ಎಳೆಯಿತು. "ಘಟಪ್ರಭಾ ಹೊಳಿಯಾಗ..." ಎಂದದ್ದೇ ಮಕ್ಕಳು ನಗಲು ಸಜ್ಜಾದರು. ಕರು ಮುಳುಗಿತು. ಒಡಪು ನಡುವೆಯೇ ತುಂಡಾಯಿತು.

"ದುಂಡಪ್ಪಾ!"

ಯಾರೂ ನಗಲಿಲ್ಲ. ಮುಂದಿನ ಸಾಲಿನಲ್ಲಿ ಒಂದು ಮಗು ಬಿಕ್ಕಿತು. ಎಲ್ಲರೂ ಉಸಿರು ಹಿಡಿದು ನೀರನ್ನೇ ನೋಡುತ್ತಿದ್ದಾಗ ಕೊನೆಯ ಸಾಲಿನಿಂದ, ಗುಡಿಯ ಗಂಟೆಯಂಥ ದನಿಯಲ್ಲಿ ಉತ್ತರ ಬಂತು.

"ಓ!"

ಮಕ್ಕಳೆಲ್ಲ ಒಟ್ಟಿಗೆ ಹಿಂದೆ ತಿರುಗಿದರು. ಎದ್ದು ನಿಂತಿದ್ದ ಪಟಗಾದ ಮುದುಕನನ್ನು ಕಂಡರು. ಆಮೇಲೆ ಎದ್ದ ನಗೆಗೆ ಪಿಚ್ಚರಿನ ಹೊಳೆಯ ಸದ್ದೇ ಅಡಗಿತು. ಅತ್ತಿದ್ದ ಮಗುವೂ ಕಣ್ಣೀರಿನಲ್ಲೇ ನಗುತ್ತಿತ್ತು.

ಕಾಶೆವ್ವ ಧೋತರ ಜಗ್ಗಿ ಕೂಡಿಸಿದಳು. "ಸುಮ್ನ ಕುಂದರ್ರಿ! ಮಂದಿ ನಗಾಕತ್ತೈತಿ."

"ನಗಲಿ" ಎಂದ ದುಂಡಪ್ಪ. ನಗುವ ಮಕ್ಕಳನ್ನು ಇನ್ನೊಮ್ಮೆ ಆಸೆಯಿಂದ ನೋಡಿದ. "ಕರದಿ, ಓ ಅಂದೆ. ತಪ್ಪೇನ?"

ಪರದೆಯ ಮೇಲೆ ಕರು ತಲೆಯೆತ್ತಿ ದಂಡೆಯ ಕಡೆ ಈಜತೊಡಗಿತ್ತು. ಮಕ್ಕಳ ಗಮನ ಅತ್ತ ಹೋಯಿತು. ಕಾಶೆವ್ವ ಗಂಡನ ಕಿವಿಯ ಹತ್ತಿರ ಬಾಗಿ, ಅವನಿಗಷ್ಟೇ ಕೇಳುವಂತೆ, ಮತ್ತೊಮ್ಮೆ ಹೆಸರು ಹಿಡಿದು ಕರೆದಳು. ಈ ಸಲ ಅವನು ಮೆಲ್ಲಗೆ ಓ ಎಂದ.